ರುದ್ರಪಟ್ಟಣದ ಶಾಮಾಶಾಸ್ತ್ರಿ ಮತ್ತು ಹಳೆ ಚಿನ್ನದ ಲೆಕ್ಕ

ಹನಗೋಡಿನ ಅಣೆಕಟ್ಟೆ ದಾಟಿ ಹುಣಸೂರಿನತ್ತ ಹರಿಯುವ ಲಕ್ಷ್ಮಣತೀರ್ಥ ಮುಂದೆ ಕಾವೇರಿಯನ್ನು ಸೇರುತ್ತದೆ. ಅದೇ ಕಾವೇರಿಯ ದಡದಲ್ಲಿ, ಮೇಲ್ಗಡೆ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಿದೆ. ಶಾಮಾಶಾಸ್ತ್ರಿಗಳು 1868ರಲ್ಲಿ ಹುಟ್ಟಿದ್ದು ಅಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರೆಂದು ಅವರನ್ನು ನಾವು ಸಮಾಜ ವಿಜ್ಞಾನದ ತರಗತಿಯಲ್ಲಿ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಅವರು ಬೆಳಕಿಗೆ ತಂದ ಗ್ರಂಥದಲ್ಲಿ ಗಣಿತ ಮತ್ತು ವಿಜ್ಞಾನದ ಶಿಕ್ಷಕರಿಗೂ ಪಾಠವಿದೆ.

ಊರಿನಲ್ಲಿ ಮೊದಲ ಓದು ಮುಗಿಸಿದ ಅವರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ ಪದವಿ ಪಡೆದರು. 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಬಿ.ಎ. ಆದರು, ಅಲ್ಲಿ ಅವರ ವಿಷಯ ಭೌತ ವಿಜ್ಞಾನ. ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆರವಿನಿಂದ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾದರು.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಆ ಗ್ರಂಥಾಲಯಕ್ಕೆ ಒಂದು ತಾಳೆಗರಿ ಕಟ್ಟು ಕೊಟ್ಟು ಹೋಗಿದ್ದರು. ಗ್ರಂಥ ಲಿಪಿಯ ಆ ಕಟ್ಟನ್ನು ಬಿಚ್ಚಿ ಓದಿದ ಶಾಸ್ತ್ರಿಗಳಿಗೆ ಅದು ಅರ್ಥಶಾಸ್ತ್ರವೆಂದು ತಿಳಿಯಿತು. ಅದುವರೆಗೆ ವಿದ್ವಾಂಸರಿಗೆ ಆ ಕೃತಿ ಗೊತ್ತಿದ್ದುದು ಬೇರೆ ಗ್ರಂಥಗಳಲ್ಲಿ ಬಂದ ಉಲ್ಲೇಖಗಳಿಂದ ಮಾತ್ರ. 1905ರಿಂದ ಶಾಸ್ತ್ರಿಗಳು ಅದರ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸತೊಡಗಿದರು. ಸಂಸ್ಕೃತ ಮೂಲ 1909ರಲ್ಲಿ, ಇಂಗ್ಲಿಷ್ ಅನುವಾದದ ಪುಸ್ತಕ 1915ರಲ್ಲಿ ಹೊರಬಂದವು.

ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಚಿನ್ನಕ್ಕೆಂದೇ ಎರಡು ಅಧ್ಯಾಯಗಳಿವೆ. ತೂಕದ ಲೆಕ್ಕ ಗುಲಗಂಜಿಯಿಂದ ಶುರು: ಐದು ಗುಲಗಂಜಿಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಸುವರ್ಣ. ಮಾಷದ ಕಾಲು ಭಾಗ ಒಂದು ಕಾಕಣಿ. ಶುದ್ಧ ಚಿನ್ನದಿಂದ ಒಂದೊಂದೇ ಕಾಕಣಿ ತೆಗೆದು ಅಷ್ಟೇ ತಾಮ್ರ ಬೆರೆಸುತ್ತ ನಾಲ್ಕು ಮಾಷದವರೆಗೆ ಹೋದರೆ ಹದಿನಾರು ಬೆರಕೆಗಳಾಗುತ್ತವೆ. ಇವುಗಳ ಗೆರೆಯ ಪಕ್ಕದಲ್ಲಿ ಪರೀಕ್ಷೆಗೆ ಬಂದ ಚಿನ್ನದ ಗೆರೆಯನ್ನು ಒರೆಗಲ್ಲಿನ ಮೇಲೆ ಎಳೆದು ಬಣ್ಣ ಹೋಲಿಸಬೇಕು. ಕೊನೆಯ ಬೆರಕೆಯಲ್ಲಿ ಹದಿನಾರು ಪಾಲಿಗೆ ಹನ್ನೆರಡು ಪಾಲು ಚಿನ್ನ, ಅಂದರೆ ನೂರಕ್ಕೆ 75. ಇಂದಿನ 18 ಕ್ಯಾರೆಟ್ ಅಂದರೂ ಇದೇ.

ಶುದ್ಧಿ ಮಾಡುವ ಕ್ರಮವೂ ಅಲ್ಲಿದೆ: ಕಲ್ಮಶದ ನಾಲ್ಕು ಪಟ್ಟು ಸೀಸ ಹಾಕಿ ಕಾಯಿಸಬೇಕು. ಕಾದ ಸೀಸವೂ ತಾಮ್ರವೂ ಗಾಳಿಯ ಆಮ್ಲಜನಕದೊಡನೆ ಸೇರಿ ಆಕ್ಸೈಡುಗಳಾಗಿ ಬೇರ್ಪಡುತ್ತವೆ. ಚಿನ್ನ ಹಾಗೆ ಸೇರದೆ ಉಳಿಯುತ್ತದೆ.

ಮೋಸದ ವಿಚಾರದಲ್ಲಿ ಕೌಟಿಲ್ಯ ಇನ್ನೂ ಬಿಗಿ. ಸುಳ್ಳು ತಕ್ಕಡಿ, ಚಿನ್ನ ತೆಗೆದು ಬೆರಕೆ ಸೇರಿಸುವುದು, ಮೇಲೆ ಮಾತ್ರ ಚಿನ್ನ ಹೊದಿಸುವುದು ಮೊದಲಾದವನ್ನು ಹೆಸರಿಟ್ಟು ಹೇಳುತ್ತಾನೆ. ಹಳೆ ಒಡವೆ ದುರಸ್ತಿಗೆ ಬಂದಾಗ ಬಡಿದು, ಕತ್ತರಿಸಿ, ಕೆರೆದು, ಉಜ್ಜಿ ಚಿನ್ನ ಕದಿಯುವ ನಾಲ್ಕು ದಾರಿಗಳನ್ನು ಬೇರೆಯಾಗಿ ಎಣಿಸುತ್ತಾನೆ. ಉಗುರಿನ ಸಂದಿಯಿಂದ ಒರೆಯ ಮೇಲೆ ಕಾವಿ ಪುಡಿ ಉದುರಿಸುವ ಕೈಚಳಕವನ್ನೂ ಬಿಟ್ಟಿಲ್ಲ. ಅಕ್ಕಸಾಲಿಗ ಪಡೆದ ಚಿನ್ನವನ್ನು ಅದೇ ತೂಕ, ಅದೇ ಬಣ್ಣದಲ್ಲಿ ಹಿಂದಿರುಗಿಸಬೇಕು, ಬಳಕೆಯ ಸವಕಲು ಮಾತ್ರ ಬಿಡಬಹುದು ಎಂಬುದು ಅವನ ನಿಯಮ.

ಈ ಲೆಕ್ಕ ಇಂದಿಗೂ ಬೇಕು. ಮುರಿದ ಬಳೆಯ ತೂಕ 10 ಗ್ರಾಂ ಎಂದುಕೊಳ್ಳೋಣ. ಅದು 22 ಕ್ಯಾರೆಟ್ ಆದರೆ ಶುದ್ಧ ಚಿನ್ನ ಸುಮಾರು 9.17 ಗ್ರಾಂ, 18 ಕ್ಯಾರೆಟ್ ಆದರೆ 7.5 ಗ್ರಾಂ. ತಕ್ಕಡಿಯಲ್ಲಿ ಎರಡೂ ಒಂದೇ, ಬೆಲೆಯಲ್ಲಿ 1.67 ಗ್ರಾಂ ಚಿನ್ನದ ಅಂತರ. ಹರಳು, ಒಳಗಿನ ಅರಗು ಚಿನ್ನದ ತೂಕಕ್ಕೆ ಸೇರುವುದಿಲ್ಲ. ಬೆಸುಗೆ ಹೆಚ್ಚಾಗಿದ್ದರೆ ಕರಗಿಸಿದಾಗ ಶುದ್ಧತೆ ಇಳಿಯುತ್ತದೆ. ಕೊಳ್ಳುವಾಗ ಕೊಟ್ಟ ಮಜೂರಿ ಹಿಂದಿರುಗುವುದಿಲ್ಲ. 916 ಮುದ್ರೆ ಎಂದರೆ ಸಾವಿರಕ್ಕೆ 916 ಪಾಲು ಚಿನ್ನ. ಹಾಲ್‌ಮಾರ್ಕ್ 2021ರಿಂದ ಹಂತಹಂತವಾಗಿ ಕಡ್ಡಾಯವಾಯಿತು. ಅಜ್ಜಿಯ ಕಾಲದ ಓಲೆಯಲ್ಲಿ ಅದು ಸಿಗಲಿಕ್ಕಿಲ್ಲ. ಆಸ್ಪತ್ರೆಗೋ ಮಗಳ ಫೀಸಿಗೋ ಓಲೆ ಮಾರುವ ಮನೆಗೆ ಈ ಭಾಗಾಕಾರ ಬರದಿದ್ದರೆ ನಷ್ಟ ಆ ಮನೆಯದೇ.

ಶಾಸ್ತ್ರಿಗಳು 1922ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆ ಹೊತ್ತು ಶಾಸನಗಳ ಕೆಲಸದಲ್ಲಿ ತೊಡಗಿದರು. ಮಹಾಮಹೋಪಾಧ್ಯಾಯ ಬಿರುದಿಗೆ ಪಾತ್ರರಾದರು. 1944ರಲ್ಲಿ ತೀರಿಕೊಂಡರು. ಹಳೆಯ ಗರಿಯ ಕಟ್ಟೆಂದು ಬದಿಗಿಡದೆ ಪ್ರತಿ ಸಾಲನ್ನೂ ಪರೀಕ್ಷಿಸಿದ್ದು ಅವರ ದೊಡ್ಡ ಗುಣ.

ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಅನುಪಾತದ ಪಾಠವನ್ನು ಇಲ್ಲಿಂದ ತೊಡಗಬಹುದು. ಪ್ರತಿ ಗುಂಪಿಗೆ ಹದಿನಾರು ಹುಣಸೆಬೀಜ ಕೊಡಿ. ಅವು ಶುದ್ಧ ಚಿನ್ನ. ಒಂದೊಂದೇ ಬೀಜ ತೆಗೆದು ಅವರೆಕಾಳು ಇಡಿಸಿ, ಪ್ರತಿ ಸಲವೂ ಶೇಕಡಾವಾರು ಬರೆಸಿ. ಗುಲಗಂಜಿ ವಿಷದ ಬೀಜ, ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಮನೆಯಿಂದ ಒಡವೆ ತರಲೂ ಹೇಳಬೇಡಿ. ತರಗತಿಯಲ್ಲಿ ಅಕ್ಕಸಾಲಿಗರ ಮಕ್ಕಳೂ ಇರುತ್ತಾರೆ. ಮೋಸದ ಮಾತು ಬಂದಾಗ ಕಸುಬನ್ನು ದೂರದೆ, ಒರೆಗಲ್ಲು ಹಿಡಿಯುವ ಅವರ ಮನೆಯವರ ಜಾಣ್ಮೆಯನ್ನೂ ಹೇಳಿ. ಪಾಠ ಮುಗಿದ ಮೇಲೆ ಈ ಲೆಕ್ಕದ ತಾಳೆಗರಿಯನ್ನು ಓದಿದವರು ಹತ್ತಿರದ ರುದ್ರಪಟ್ಟಣದವರೆಂದು ತಿಳಿಸಿ.