ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತದೆಯೇ? ಕ್ಲೀವ್‌ಲ್ಯಾಂಡ್ ಅವರ ದವಡೆ ಹೇಳುವ ಉತ್ತರ

ಗಡ್ಡೆಗೆ ಸೂಜಿ ಚುಚ್ಚಿಸಬಾರದು, ಚಾಕು ತಾಗಿದರೆ ಮೈಗೆಲ್ಲ ಹರಡುತ್ತದೆ ಎಂಬ ನಂಬಿಕೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯೂ ಇದೆ, ಹೊರಗೂ ಇದೆ. ಈ ಹೆದರಿಕೆಯಿಂದ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಪ್ರಾಣಕ್ಕೇ ಸಂಚಕಾರ. ಇದು ನಿಜವೇ? ಉತ್ತರಕ್ಕಾಗಿ ನಾವು ಅಮೆರಿಕದ ಅಧ್ಯಕ್ಷರಾಗಿದ್ದ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಬದುಕನ್ನು ನೋಡೋಣ.

ಕ್ಲೀವ್‌ಲ್ಯಾಂಡ್ ಹುಟ್ಟಿದ್ದು 1837ರ ಮಾರ್ಚ್ 18ರಂದು, ನ್ಯೂಜೆರ್ಸಿಯ ಕಾಲ್ಡ್‌ವೆಲ್‌ನಲ್ಲಿ. ತಂದೆ ಪಾದ್ರಿ. ಹದಿನಾರರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಕಾಲೇಜಿನ ಮೆಟ್ಟಿಲು ಹತ್ತದೆಯೇ ವಕೀಲರಾದರು. 1882ರಲ್ಲಿ ಬಫಲೋ ನಗರದ ಮೇಯರ್, ಮರುವರ್ಷ ನ್ಯೂಯಾರ್ಕ್ ರಾಜ್ಯದ ಗವರ್ನರ್, 1885ರಲ್ಲಿ ದೇಶದ ಅಧ್ಯಕ್ಷ. 1888ರ ಚುನಾವಣೆಯಲ್ಲಿ ಸೋತರೂ 1893ರ ಮಾರ್ಚ್‌ನಲ್ಲಿ ಮತ್ತೆ ಅದೇ ಕುರ್ಚಿಗೆ ಬಂದರು. ಚುರುಟು ಸೇದುವ ಅಭ್ಯಾಸವಿತ್ತು.

ಅದೇ ಬೇಸಿಗೆಯಲ್ಲಿ ಅವರ ಬಾಯಿಯ ಎಡಭಾಗದ ಅಂಗುಳಿನಲ್ಲಿ ಒರಟಾದ ಹುಣ್ಣು ಕಾಣಿಸಿತು. ವೈದ್ಯರು ಅದರಿಂದ ಚೂರು ತೆಗೆದು, ಯಾರದೆಂದು ತಿಳಿಸದೆ ಪರೀಕ್ಷೆಗೆ ಕಳುಹಿಸಿದರು. ಕ್ಯಾನ್ಸರ್ ಎಂಬ ಅನುಮಾನ ಬಲವಾಯಿತು. ಆಗ ಅಮೆರಿಕದಲ್ಲಿ ಬ್ಯಾಂಕುಗಳು ಮುಚ್ಚುತ್ತಿದ್ದವು, ಆರ್ಥಿಕತೆ ಕುಸಿದಿತ್ತು. ಅಧ್ಯಕ್ಷರ ಕಾಯಿಲೆಯ ಸುದ್ದಿ ಹೊರಬಿದ್ದರೆ ಜನ ಇನ್ನಷ್ಟು ಗಾಬರಿಯಾಗುತ್ತಾರೆಂದು ಎಲ್ಲವನ್ನೂ ಗುಟ್ಟಾಗಿಟ್ಟರು.

1893ರ ಜುಲೈ 1ರಂದು, ಗೆಳೆಯರೊಬ್ಬರ 'ಒನೈಡಾ' ಎಂಬ ವಿಹಾರ ನೌಕೆಯಲ್ಲಿ, ನೀರಿನ ಮೇಲೆಯೇ ಶಸ್ತ್ರಚಿಕಿತ್ಸೆ ನಡೆಯಿತು. ಡಾ. ಜೋಸೆಫ್ ಬ್ರಯಂಟ್ ಅವರ ತಂಡದಲ್ಲಿ ಹೆಸರಾಂತ ಶಸ್ತ್ರವೈದ್ಯ ಡಬ್ಲ್ಯೂ. ಡಬ್ಲ್ಯೂ. ಕೀನ್ ಕೂಡ ಇದ್ದರು. ಎಡ ಮೇಲ್ದವಡೆಯ ದೊಡ್ಡ ಭಾಗವನ್ನು ಹಲ್ಲುಗಳ ಸಮೇತ ತೆಗೆದರು. ಕೆನ್ನೆಯ ಮೂಳೆಯೊಳಗಿರುವ ಗಾಳಿಗೂಡಿನಲ್ಲೂ, ಅಂದರೆ ಮ್ಯಾಕ್ಸಿಲರಿ ಸೈನಸ್‌ನಲ್ಲೂ, ಲೋಳೆಯಂಥ ಗಡ್ಡೆ ಸಿಕ್ಕಿತು. ಬಾಯೊಳಗಿಂದಲೇ ಕೊಯ್ದದ್ದರಿಂದ ಮುಖದ ಮೇಲೆ ಗಾಯದ ಗುರುತು ಉಳಿಯಲಿಲ್ಲ. ಅಂಚಿನಲ್ಲಿ ಅನುಮಾನ ಉಳಿದಿದ್ದರಿಂದ ಅದೇ ತಿಂಗಳ 17ರಂದು ಮತ್ತಷ್ಟು ತೆಗೆದರು. ಬಿದ್ದ ತೂತನ್ನು ಮುಚ್ಚಲು ದಂತವೈದ್ಯರೊಬ್ಬರು ಗಟ್ಟಿ ರಬ್ಬರಿನ ಕೃತಕ ಅಂಗುಳು ಮಾಡಿಕೊಟ್ಟರು. ಮಾತು ಮೊದಲಿನಂತಾಯಿತು.

ಆಗಸ್ಟ್ ಕೊನೆಯಲ್ಲಿ ಪತ್ರಕರ್ತ ಇ. ಜೆ. ಎಡ್ವರ್ಡ್ಸ್ ಈ ಸುದ್ದಿಯನ್ನು ಪ್ರಕಟಿಸಿದಾಗ ಅಧ್ಯಕ್ಷರ ಕಡೆಯವರು ಅಲ್ಲಗಳೆದರು. ಸತ್ಯ ಹೇಳಿದ ಮನುಷ್ಯ ಸುಳ್ಳುಗಾರ ಎನಿಸಿಕೊಂಡು, 1917ರಲ್ಲಿ ಕೀನ್ ಅವರೇ ಎಲ್ಲವನ್ನೂ ಬರೆಯುವವರೆಗೆ ಕಾಯಬೇಕಾಯಿತು. ಕ್ಲೀವ್‌ಲ್ಯಾಂಡ್ ಅಷ್ಟರಲ್ಲಿ ಇರಲಿಲ್ಲ. ಅಧಿಕಾರದ ಅವಧಿ ಮುಗಿಸಿ, ಆಪರೇಷನ್ ಆಗಿ 15 ವರ್ಷ ಬದುಕಿ, 1908ರ ಜೂನ್ 24ರಂದು ತೀರಿಕೊಂಡರು. ಆ ಗಡ್ಡೆ ಮತ್ತೆ ಬರಲಿಲ್ಲ.

ಚೂರು ತೆಗೆದರು, ಎರಡು ಸಲ ಚಾಕು ಹಾಕಿದರು, ಆದರೂ ರೋಗ ಹರಡಲಿಲ್ಲ. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಸಂಗ್ರಹಾಲಯದಲ್ಲಿ ಉಳಿಸಿದ್ದ ಆ ಗಡ್ಡೆಯನ್ನು 1970ರ ದಶಕದಲ್ಲಿ ಪರೀಕ್ಷಿಸಿದ ತಜ್ಞರು ಅದನ್ನು ವೆರುಕಸ್ ಕಾರ್ಸಿನೋಮಾ ಎಂದು ಗುರುತಿಸಿದರು. ಇದು ನಿಧಾನವಾಗಿ ಬೆಳೆಯುವ, ದೂರ ಹರಡುವುದು ಅಪರೂಪವಾದ ಬಗೆ. ಎಲ್ಲ ಗಡ್ಡೆಗಳೂ ಇಷ್ಟು ಸಾಧುವಲ್ಲ. ಹಾಗಾಗಿಯೇ ಬಯಾಪ್ಸಿ ಬೇಕು. ಗಡ್ಡೆ ಯಾವ ಬಗೆಯದೆಂದು ತಿಳಿಯದೆ ಚಿಕಿತ್ಸೆ ನಿರ್ಧರಿಸಲಾಗದು. ಬಯಾಪ್ಸಿಯಿಂದ ರೋಗ ಹರಡುವುದು ತೀರಾ ವಿರಳ. ತಡವಾಗಿ ಬಂದವರಲ್ಲಿ ಆಗಲೇ ಹರಡಿರುವ ರೋಗದ ಅಪವಾದ ಸೂಜಿಯ ತಲೆಗೆ ಬರುತ್ತದೆ, ಅಷ್ಟೆ.

ಸೈನಸ್ ಟೊಳ್ಳಾಗಿರುವುದರಿಂದ ಅದರೊಳಗಿನ ಗಡ್ಡೆ ನೋವಿಲ್ಲದೆ ಬಹಳ ದಿನ ಬೆಳೆಯಬಲ್ಲದು. ಮೂಗು ಕಟ್ಟಿದ ಬಹುತೇಕರಿಗೆ ಇರುವುದು ಬರೀ ನೆಗಡಿ, ಅಲರ್ಜಿ ಅಥವಾ ಸೈನಸೈಟಿಸ್. ಆದರೆ ಒಂದೇ ಕಡೆಯ ಮೂಗು ವಾರಗಟ್ಟಲೆ ಕಟ್ಟಿದ್ದರೆ, ರಕ್ತ ಬೆರೆತ ಸಿಂಬಳ ಬಂದರೆ, ಕೆನ್ನೆ ಊದಿದರೆ ಅಥವಾ ಜೋಮು ಹಿಡಿದರೆ, ಮೇಲಿನ ಹಲ್ಲು ಕಾರಣವಿಲ್ಲದೆ ಅಲುಗಾಡಿದರೆ, ಹಲ್ಲು ಕೀಳಿಸಿದ ಗಾಯ ಮಾಯದಿದ್ದರೆ, ಒಂದು ಕಣ್ಣು ಮುಂದೆ ಬಂದಂತೆ ಕಂಡರೆ ತಡ ಮಾಡಬಾರದು. ಬೀಡಿ, ಸಿಗರೇಟು ಸೇದುವವರು, ಮರದ ಹೊಟ್ಟಿನ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರು ಇನ್ನಷ್ಟು ಎಚ್ಚರದಿಂದಿರಬೇಕು.

ಇಂದು ಮೂಗಿನೊಳಗೆ ಎಂಡೋಸ್ಕೋಪ್ ಇಳಿಸಿ ನೋಡುತ್ತಾರೆ. ಗಡ್ಡೆ ಕಣ್ಣಿನ ಗೂಡಿಗೋ ಮೂಳೆಗೋ ತಲುಪಿದೆಯೇ ಎಂದು ಸಿಟಿ, ಎಂಆರ್‌ಐ ತೋರಿಸುತ್ತವೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, ಅದರ ನಂತರ ಅಗತ್ಯವಿದ್ದರೆ ವಿಕಿರಣ, ಕೆಲವರಿಗೆ ಕೀಮೋಥೆರಪಿ. ಅಂಗುಳಿನ ತೂತು ಮುಚ್ಚಲು ಕ್ಲೀವ್‌ಲ್ಯಾಂಡ್ ಅವರಿಗೆ ಕೊಟ್ಟಂಥ ಸಾಧನವನ್ನು ಈಗಲೂ ಕೊಡುತ್ತಾರೆ.

ಮದ್ದೂರು, ಮಳವಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಮಂಡ್ಯದ ಮಿಮ್ಸ್‌ನ ಕಿವಿ-ಮೂಗು-ಗಂಟಲು ವಿಭಾಗಕ್ಕೆ, ಬೇಕಾದರೆ ಬೆಂಗಳೂರಿನ ಕಿದ್ವಾಯಿಗೆ ಹೋಗಬಹುದು. ಕ್ಲೀವ್‌ಲ್ಯಾಂಡ್ ತಮ್ಮ ರೋಗವನ್ನು ದೇಶದಿಂದ ಮುಚ್ಚಿಟ್ಟರು, ವೈದ್ಯರಿಂದ ಮುಚ್ಚಿಡಲಿಲ್ಲ. ವೈದ್ಯರಿಗೆ ಬಾಯಿ ತೆರೆದು ಹುಣ್ಣನ್ನು ತೋರಿಸಿದರು. ನಾವು ಅವರಿಂದ ಕಲಿಯಬೇಕಾದದ್ದು ಇದನ್ನೇ.