ಪುರಭವನದ ಮೇಲಿನ ಹೆಸರು: ಎಂಟು ರೂಪಾಯಿ ಸಂಬಳದ ಮಾಸ್ತರರ ಕತೆ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಹತ್ತಿರ ಬಸ್ಸಿಳಿದು ನಡೆಯುವವರಿಗೆ ಪುರಭವನ ದಿನಾ ಕಾಣುತ್ತದೆ. ನಾಟಕ, ಸನ್ಮಾನ, ಸಂಘದ ವಾರ್ಷಿಕೋತ್ಸವ ಅಂತ ಒಳಗೆ ಹೋಗಿ ಕೂತವರೂ ಬಹಳ ಮಂದಿ. ಈಗ ಆ ಕಟ್ಟಡಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿಟ್ಟಿದ್ದಾರೆ. ಹೆಸರು ಓದಿದವರು ಯಾರೋ ಹಳೇ ಕಾಲದ ಸಾಹುಕಾರ ಇರಬೇಕು, ಜಾಗ ದಾನ ಕೊಟ್ಟಿರಬೇಕು ಅಂದುಕೊಂಡರೆ ತಪ್ಪು. ಸಾಹುಕಾರರಲ್ಲ. ಈ ಊರಿಗೆ ಅವರು ಬಂದದ್ದೇ ಬರಿಗೈಯಲ್ಲಿ.

ಹುಟ್ಟಿದ್ದು 1859ರ ಜೂನ್‌ನಲ್ಲಿ, ಕಾಸರಗೋಡಿನಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಊರು. ಸಾರಸ್ವತ ಬ್ರಾಹ್ಮಣರ ಮನೆ. ಜಾತಿ ದೊಡ್ಡದು, ಕೈ ಖಾಲಿ. ತಂದೆ ತೀರಿಕೊಂಡಾಗ ಹುಡುಗನಿಗೆ ಹದಿನಾರರ ಆಸುಪಾಸು. ಹೊಟ್ಟೆಪಾಡು ಹುಡುಕಿಕೊಂಡು ಮಂಗಳೂರಿಗೆ ಬಂದು ಪ್ರಾಥಮಿಕ ಶಾಲೆಯ ಮಾಸ್ತರಿಕೆ ಹಿಡಿದರು. ಸಂಬಳ ತಿಂಗಳಿಗೆ 8 ರೂಪಾಯಿ. ಹಗಲು ಪಾಠ ಹೇಳುವುದು, ಉಳಿದ ಹೊತ್ತಿನಲ್ಲಿ ತಾನೇ ಓದುವುದು. ಹೀಗೆ ಮೆಟ್ರಿಕ್ ಆಯಿತು, ಆಮೇಲೆ ಪ್ಲೀಡರ್ ಪರೀಕ್ಷೆಯೂ ಪಾಸಾಯಿತು. ಕೋಟು ಹಾಕಿ ಕೋರ್ಟಿಗೆ ಹೋಗುವ ದಿನ ಬಂತು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ವಕೀಲರಾದವರು ಮನೆ ಕಟ್ಟಿಸುತ್ತಾರೆ, ತೋಟ ಮಾಡುತ್ತಾರೆ, ಮಕ್ಕಳಿಗೆ ಒಳ್ಳೆ ಸಂಬಂಧ ಹುಡುಕುತ್ತಾರೆ. ರಂಗರಾಯರು ಬಡವರ ವಕೀಲ ಅಂತ ಹೆಸರು ಮಾಡಿದರು. ಅಂಥಾ ಹೆಸರಿನಿಂದ ಗಂಟು ಬೆಳೆಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಮಂಗಳೂರಿನಲ್ಲಿ ಆಗ ಬ್ರಹ್ಮ ಸಮಾಜದ ಗಾಳಿ ಬೀಸುತ್ತಿತ್ತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳು. ಜಾತಿ ಬೇಡ, ಮೂರ್ತಿಪೂಜೆ ಬೇಡ, ವಿಧವೆಗೆ ಮದುವೆ ಆಗಲಿ, ಹೆಣ್ಣುಮಕ್ಕಳು ಓದಲಿ ಅನ್ನುವ ಪಂಗಡ. ರಂಗರಾಯರು ಅದನ್ನು ಸೇರಿದರು. ಸಭೆಯಲ್ಲಿ ಕೂತು ಜಾತಿ ಸುಳ್ಳು ಎನ್ನುವುದು ಸುಲಭ. ಹೊರಗೆ ಬಂದು ಮಾಡಿ ತೋರಿಸಲಿಕ್ಕೆ ಹೊರಟಾಗಲೇ ಕಷ್ಟ ಶುರುವಾಗುವುದು.

ಪಂಚಮರು ಅಂತ ಕರೆಸಿಕೊಳ್ಳುತ್ತಿದ್ದ ಇಲ್ಲಿನ ದಲಿತರ ಪಾಡು ಆಗ ಹೇಗಿತ್ತು? ಶಾಲೆಯ ಜಗಲಿ ಹತ್ತುವ ಹಾಗಿಲ್ಲ, ಊರ ಬಾವಿಯ ನೀರು ಸೇದುವ ಹಾಗಿಲ್ಲ. ಜರ್ಮನ್ ಪಾದ್ರಿಗಳ ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದು ಶಾಲೆ, ಮಗ್ಗ, ಹಂಚಿನ ಕಾರ್ಖಾನೆ ಎಲ್ಲ ಮಾಡಿತ್ತು. ಉಳಿದವರಿಗೆ ಏನು? ರಂಗರಾಯರನ್ನು ಹಿಡಿದದ್ದು ಈ ಪ್ರಶ್ನೆ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ದಲಿತ ಮಕ್ಕಳಿಗೆ ಶಾಲೆ ತೆರೆದರು.

ಶಾಲೆ ತೆರೆದರೆ ಆಯಿತೇ? ಪಾಠ ಹೇಳಲು ಮೇಲ್ಜಾತಿಯ ಮಾಸ್ತರರು ಬರಲೊಪ್ಪಲಿಲ್ಲ. ಕ್ರೈಸ್ತ ಮಾಸ್ತರರು ಬಂದರು. ಸುತ್ತಮುತ್ತಲಿನವರು ತಕರಾರು ತೆಗೆದರು, ಶಾಲೆ ಜಾಗ ಬದಲಿಸಬೇಕಾಯಿತು. ಊರವರ ವಿರೋಧವನ್ನಾದರೂ ಎದುರಿಸಬಹುದು. ಮಕ್ಕಳೇ ಬರದಿದ್ದರೆ? ಮಗು ಕೂಲಿಗೆ ಹೋದರೆ ನಾಲ್ಕು ಕಾಸು, ದನ ಕಾಯ್ದರೆ ಒಂದು ಹೊತ್ತಿನ ಗಂಜಿ. ಅಕ್ಷರ ಕಲಿತರೆ ಸಂಜೆಗೆ ಒಲೆ ಉರಿಯುವುದಿಲ್ಲವಲ್ಲ. ಆ ತಾಯಿತಂದೆಯರನ್ನು ದಡ್ಡರು ಅಂತ ಬೈದು ಸುಮ್ಮನಾಗಬಹುದಿತ್ತು. ರಂಗರಾಯರು ಬೈಯಲಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿಸಿದರು. ಮಗುವಿನ ದುಡಿಮೆ ತಪ್ಪಿದ್ದಕ್ಕೆ ದಿನಕ್ಕೆ ಎರಡು ಪೈಸೆಯನ್ನೂ ಮನೆಯವರ ಕೈಗೆ ಕೊಡುತ್ತಿದ್ದರು ಅಂತ ಊರಲ್ಲಿ ಇಂದಿಗೂ ಹೇಳುತ್ತಾರೆ. ಸರಕಾರಗಳು ಶಾಲೆಯಲ್ಲಿ ಬಿಸಿಯೂಟ ಬಡಿಸಲು ಶುರು ಮಾಡಿದ್ದು ಎಷ್ಟು ದಶಕ ಕಳೆದ ಮೇಲೆ ಅನ್ನುವುದನ್ನು ಓದುಗರೇ ಲೆಕ್ಕ ಹಾಕಬಹುದು.

1897ರಲ್ಲಿ ಈ ಕೆಲಸಕ್ಕೆಲ್ಲ ಒಂದು ಸಂಸ್ಥೆಯ ರೂಪ ಬಂತು. ಡಿಪ್ರೆಸ್ಡ್ ಕ್ಲಾಸಸ್ ಮಿಷನ್, ಜನರ ಬಾಯಲ್ಲಿ ಡಿ.ಸಿ.ಎಂ. ಆ ವರ್ಷ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ವಕೀಲಿ ಮಾಡಿಕೊಂಡಿದ್ದರು. ಅಂಬೇಡ್ಕರ್ ಆರು ವರ್ಷದ ಹುಡುಗ. ಮುಂಬಯಿಯಲ್ಲಿ ವಿಠ್ಠಲ ರಾಮ್‌ಜಿ ಶಿಂದೆಯವರು ಇದೇ ಹೆಸರಿನ ಮಿಷನ್ ಶುರು ಮಾಡಿದ್ದು 1906ರಲ್ಲಿ. ಅಂದರೆ ಮಂಗಳೂರಿನ ಒಬ್ಬ ಪ್ಲೀಡರು ಒಂಬತ್ತು ವರ್ಷ ಮುಂದಿದ್ದರು.

ಆಮೇಲೆ ಒಂದರ ಹಿಂದೆ ಒಂದು ತೊಡಕು. ಹುಡುಗ ಓದಿದ, ಕೆಲಸ ಕೊಡುವವರಾರು? ನಾಲ್ಕನೇ ಕ್ಲಾಸು ಪಾಸಾದ ಒಬ್ಬ ದಲಿತ ಹುಡುಗನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಕೊಡಿಸಲು ಹೋಗಿ, ಅವನನ್ನು ಒಳಗೆ ಸೇರಿಸಲು ರಂಗರಾಯರು ಪಟ್ಟ ಪಾಡನ್ನು ಹಳಬರು ಕತೆಯಾಗಿ ಹೇಳುತ್ತಿದ್ದರು. ನ್ಯಾಯ ಕೊಡುವ ಜಾಗದಲ್ಲೇ ಹೀಗೆ! ಅದಕ್ಕೇ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಕೈಕಸುಬಿನ ಶಾಲೆ ತೆರೆದು ನೇಯ್ಗೆ ಮೊದಲಾದ ಕೆಲಸ ಕಲಿಸಿದರು. ಯಾರ ಬಾಗಿಲಲ್ಲೂ ಕಾಯದೆ ದುಡಿದು ತಿನ್ನಲಿ ಅಂತ.

ಕಸುಬು ಬಂತು, ಮಲಗಲಿಕ್ಕೆ ಜಾಗ? ಧಣಿಯ ಜಾಗದಲ್ಲಿ ಗುಡಿಸಲು ಹಾಕಿದವನು ಮಗನನ್ನು ಶಾಲೆಗೆ ಕಳಿಸಿದರೆ ನಾಳೆ ಗುಡಿಸಲು ಇರುತ್ತದೆಯೋ ಇಲ್ಲವೋ. ರಂಗರಾಯರು ಸರಕಾರದ ಬೆನ್ನು ಹತ್ತಿ ಜಾಗ ಪಡೆದು ಶೇಡಿಗುಡ್ಡೆ, ಅತ್ತಾವರ ಬಾಬುಗುಡ್ಡೆ, ಕಾಪಿಕಾಡು ಮೊದಲಾದ ಕಡೆ ಮನೆ ಕಟ್ಟಿಕೊಳ್ಳಲು ಹಂಚಿಸಿದರು. ಕೊರಗರನ್ನೂ ಮರೆಯಲಿಲ್ಲ. ಸಾಲದ ಬಡ್ಡಿಗೆ ಜನ ಮತ್ತೆ ಧಣಿಯ ಕಾಲು ಹಿಡಿಯುವುದನ್ನು ಕಂಡು ಅವರದೇ ಸಹಕಾರ ಸಂಘ ಮಾಡಿಸಿದರು. ಮುನಿಸಿಪಾಲಿಟಿಯಲ್ಲಿ, ಜಿಲ್ಲಾ ಬೋರ್ಡಿನಲ್ಲಿ ಅವರ ಪರವಾಗಿ ಬೇರೆಯವರು ಮಾತಾಡಿದರೆ ಸಾಲದು, ಅವರೇ ಕೂರಬೇಕು ಅಂತ ಹಠ ಹಿಡಿದು ದಲಿತರನ್ನು ಸದಸ್ಯರಾಗಿ ನೇಮಕ ಮಾಡಿಸಿದರು. ಮಾಸ್ತರಿಕೆ, ವಕೀಲಿ, ಶಾಲೆ ನಡೆಸುವುದು, ಮಗ್ಗ ಹಾಕಿಸುವುದು, ಜಾಗದ ಕಡತ ಹಿಡಿದು ಕಚೇರಿ ಅಲೆಯುವುದು, ಸೊಸೈಟಿ ಲೆಕ್ಕ ನೋಡುವುದು. ಒಬ್ಬ ಮನುಷ್ಯನ ಒಂದೇ ಆಯುಸ್ಸಿನಲ್ಲಿ ಇಷ್ಟೂ.

ಇದಕ್ಕೆಲ್ಲ ಮನೆಯವರು ಕೊಟ್ಟ ಬೆಲೆ ಏನು ಕಡಿಮೆಯಲ್ಲ. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಮದುವೆ ಮುಂಜಿಗೆ ಕರೆಯಿಲ್ಲ, ಪಂಕ್ತಿಯಲ್ಲಿ ಎಲೆಯಿಲ್ಲ. ಕ್ಷೌರಿಕನೂ ಬರಲಿಲ್ಲ, ಅಗಸನೂ ಬರಲಿಲ್ಲ ಅಂತ ಹೇಳುವುದುಂಟು. ಹೆಂಡತಿ ರುಕ್ಮಿಣಿಯಮ್ಮ ಇದನ್ನೆಲ್ಲ ಹೇಗೆ ತಾಳಿಕೊಂಡರು ಅಂತ ಬರೆದವರು ಕಡಿಮೆ. ಸಭೆಯಲ್ಲಿ ಹೊಗಳಿಸಿಕೊಳ್ಳುವವರು ಒಬ್ಬರು, ಅಡಿಗೆಮನೆಯಲ್ಲಿ ಒಬ್ಬಂಟಿಯಾಗಿ ಕೂರುವವರು ಇನ್ನೊಬ್ಬರು. ಯಾವ ಮಹಾತ್ಮರ ಮನೆಯಲ್ಲೂ ಇದು ಇದ್ದದ್ದೇ.

ಮಗಳ ವಿಷಯದಲ್ಲೂ ರಂಗರಾಯರು ಹಿಂದೆಮುಂದೆ ನೋಡಲಿಲ್ಲ. ರಾಧಾಬಾಯಿಯನ್ನು ಓದಿಸಿದರು. ಆಕೆಯ ಮದುವೆ ಆದದ್ದು ಜಾತಿಯ ಹೊರಗೆ, ಸೇಲಂ ಕಡೆಯ ಕುಮಾರಮಂಗಲಂ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರ ಜೊತೆ. ಅಳಿಯ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ. ಮಗಳು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದವರು. ಮೊಮ್ಮಕ್ಕಳಲ್ಲಿ ಒಬ್ಬರು ಭಾರತದ ಭೂಸೇನೆಯ ಮುಖ್ಯಸ್ಥ ಜನರಲ್ ಪಿ.ಪಿ. ಕುಮಾರಮಂಗಲಂ, ಇನ್ನೊಬ್ಬರು ಕೇಂದ್ರ ಮಂತ್ರಿಯಾಗಿದ್ದು 1973ರ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೋಹನ್ ಕುಮಾರಮಂಗಲಂ. ಮಂಗಳೂರು ಬಹಿಷ್ಕಾರ ಹಾಕಿದ ಮನೆಯ ಮಕ್ಕಳು ಇವರು.

ಬ್ರಿಟಿಷ್ ಸರಕಾರ ರಾವ್ ಸಾಹೇಬ್ ಬಿರುದು ಕೊಟ್ಟಿತು. ವಯಸ್ಸು ಏರಿ ಓಡಾಟ ಆಗದಾದಾಗ ಮಿಷನ್ನನ್ನು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಂಘದ ಕೈಗೆ ಒಪ್ಪಿಸಿದರು. ತಾನು ಕಟ್ಟಿದ ಸಂಸ್ಥೆಯನ್ನು ಕೊನೆಯುಸಿರಿನ ತನಕ ಹಿಡಿದು ಕೂರುವ ಚಟ ಅವರಿಗಿರಲಿಲ್ಲ. ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು ಸ್ವಾಮಿ ಈಶ್ವರಾನಂದ ಆದರು. ತೀರಿಕೊಂಡದ್ದು 1928ರ ಜನವರಿ 30ರಂದು. 1934ರ ಫೆಬ್ರವರಿಯಲ್ಲಿ ಗಾಂಧಿಯವರು ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದು ಶೇಡಿಗುಡ್ಡೆಯ ಕೆಲಸ ನೋಡುವಾಗ ಅದನ್ನು ಶುರು ಮಾಡಿದವರು ಇರಲಿಲ್ಲ.

ಅವರಿಗೊಂದು ಆಸೆ ಇತ್ತು. ತನ್ನ ಶಾಲೆಯಲ್ಲಿ ಓದಿದ ದಲಿತ ಹುಡುಗನೊಬ್ಬ ದೊಡ್ಡ ನೌಕರಿಗೆ ಸೇರಿ, ಈ ಊರಿನ ರಸ್ತೆಯಲ್ಲೇ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು ಅನ್ನುವ ಆಸೆ. ನಂದಿಗುಡ್ಡೆಯಲ್ಲಿರುವ ಅವರ ಸಮಾಧಿಯ ಮೇಲೆ ಇದನ್ನು ಕೆತ್ತಿದ್ದಾರೆ. ಇನ್ನೊಂದನ್ನೂ ಮೊದಲೇ ಹೇಳಿಟ್ಟಿದ್ದರು. ತನ್ನ ಹೆಣಕ್ಕೆ ಹೆಗಲು ಕೊಡಬೇಕಾದವರು ಊರಿನ ಕೊಳೆ ಹೊರುವ ತೋಟಿಗಳು, ಬೇರೆ ಯಾರೂ ಅಲ್ಲ ಅಂತ.