ತಂಬೂರಿಯ ಕುದುರೆ ತಿದ್ದಿದ ಮಿರಜದ ಖಾನ್‌ಸಾಹೇಬರು

ಕುಂಭಾರಿ: ಗಣೇಶೋತ್ಸವ, ಜಾತ್ರೆಗಳ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಈಗ ಹೊಸತೇನಲ್ಲ. ಅದನ್ನು ಬಾರಿಸುವ ಹುಡುಗರು ಕಂಪನಿ ಕೊಟ್ಟ ಬ್ರಿಜ್ ತೆಗೆದು ಬೇರೆಯದು ಹಾಕುತ್ತಾರೆ, ತಂತಿ ಬಿಗಿಯುವ ಕೀಲು ಬದಲಿಸುತ್ತಾರೆ, ದುಡ್ಡಿದ್ದವರು ಪಿಕಪ್ಪನ್ನೂ ಬದಲಿಸುತ್ತಾರೆ. ನಾದ ಸುಧಾರಿಸಬೇಕು ಎಂಬುದೊಂದೇ ಆಸೆ. ಇದೇ ಆಸೆಯಿಂದ ನೂರು ವರ್ಷಗಳ ಹಿಂದೆ ಒಬ್ಬ ಮಹಾನ್ ಗಾಯಕರು ರಿಪೇರಿಯ ಹತ್ಯಾರಗಳನ್ನು ಸದಾ ಜೊತೆಗಿಟ್ಟುಕೊಂಡು ಊರೂರು ತಿರುಗುತ್ತಿದ್ದರು. ಅವರೇ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಗಡಿಭಾಗದ ಕನ್ನಡಿಗರಿಗೂ ಮರಾಠಿಗರಿಗೂ ಸಮಾನವಾಗಿ ಸೇರಿದ ಮಿರಜದ ಖಾನ್‌ಸಾಹೇಬರು.

ಅವರು ಹುಟ್ಟಿದ್ದು 1872ರ ನವೆಂಬರ್ 11ರಂದು, ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಕಿರಾಣಾ ಘರಾಣೆ ಎಂಬ ಹೆಸರು ಬಂದಿದ್ದೂ ಆ ಊರಿನಿಂದಲೇ. ತಂದೆ ಕಾಲೇ ಖಾನ್. ಮನೆತನದಲ್ಲಿ ಹಾಡುಗಾರಿಕೆಯ ಜೊತೆ ಬೀನ್, ಸಾರಂಗಿಗಳ ಅಭ್ಯಾಸವೂ ಇದ್ದುದರಿಂದ ಹುಡುಗನ ಕೈಗೆ ತಂತಿಗಳ ಪರಿಚಯ ಬಾಲ್ಯದಲ್ಲೇ ಆಯಿತು. ಮುಂದೆ ಬೀನ್, ಸಿತಾರ್ ಎರಡನ್ನೂ ಚೆನ್ನಾಗಿ ನುಡಿಸಬಲ್ಲವರಾದರು.

ಯೌವನದಲ್ಲಿ ಬಡೋದೆಯ ಗಾಯಕವಾಡ ಮಹಾರಾಜರ ಆಸ್ಥಾನ ಸೇರಿದರು. ಅಲ್ಲಿನ ಸರದಾರ ಮಾನೆ ಮನೆತನದ ಮಗಳು ತಾರಾಬಾಯಿ ಅವರ ಶಿಷ್ಯೆಯಾದರು. ಇಬ್ಬರಲ್ಲಿ ಪ್ರೀತಿ ಬೆಳೆಯಿತು, ಊರು ಬಿಡಬೇಕಾಯಿತು. ಮುಂಬಯಿಗೆ ಹೋಗಿ, ಅಲ್ಲಿಂದ ಮಿರಜಕ್ಕೆ ಬಂದರು. ಆಗ ಪ್ಲೇಗ್ ಮಾರಿಯ ಕಾಲ. ಖಾನ್‌ಸಾಹೇಬರಿಗೂ ಪ್ಲೇಗ್ ತಗುಲಿತ್ತು, ಖ್ವಾಜಾ ಶಮನಾ ಮೀರಾ ದರ್ಗಾದಲ್ಲಿ ಹಾಡಿ ಸೇವೆ ಸಲ್ಲಿಸಿದ ಮೇಲೆ ಗುಣವಾಯಿತು ಎಂದು ಮಿರಜದ ಜನ ಇಂದಿಗೂ ಹೇಳುತ್ತಾರೆ. ನಂಬುವವರು ನಂಬಲಿ, ಬಿಡುವವರು ಬಿಡಲಿ, ಅವರು ಮಿರಜವನ್ನೇ ತಮ್ಮೂರು ಮಾಡಿಕೊಂಡದ್ದಂತೂ ನಿಜ.

ಕತ್ತಿ ಮಸೆದ ಕೈಗಳು

ನಾದದ ಚಿಂತೆ ಇದ್ದವರಿಗೆ ಮಿರಜಕ್ಕಿಂತ ಒಳ್ಳೆಯ ಊರು ಸಿಗುತ್ತಿರಲಿಲ್ಲ. 19ನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಕತ್ತಿ, ಆಯುಧ ಮಸೆಯುವ ಶಿಕಲಗಾರ ಮನೆತನದವರಿದ್ದರು. ಸಂಸ್ಥಾನಗಳ ಲಡಾಯಿ ಮುಗಿದು ಆಯುಧದ ಕೆಲಸ ಕಡಿಮೆಯಾದಾಗ ಆ ಕೈಗಳು ವಾದ್ಯ ರಿಪೇರಿಗೆ ತಿರುಗಿದವು. ಫರೀದ್‌ಸಾಹೇಬ ಎಂಬವರು ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ಸಿತಾರ್, ತಂಬೂರಿಗಳನ್ನು ತಯಾರಿಸತೊಡಗಿ ಸಿತಾರಮೇಕರ್ ಎಂದೇ ಹೆಸರಾದರು. ಈ ತಂಬೂರಿಗಳಿಗೆ ಬೇಕಾದ ದೊಡ್ಡ ಕಹಿ ಸೋರೆ, ಮರಾಠಿಯ ಭೋಪಳಾ, ಬರುವುದು ಎಲ್ಲಿಂದ? ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರ ಸೀಮೆಯಿಂದ! ಭೀಮಾ ತೀರದ ಹೊಲಗಳಲ್ಲಿ ಬೆಳೆದು ಒಣಗಿದ ಕಾಯಿಯೇ ಮಿರಜದಲ್ಲಿ ನಾದದ ಕೊಡವಾಗುತ್ತದೆ. ದೇಶದ ದೊಡ್ಡ ದೊಡ್ಡ ಗಾಯಕರ ಬೆನ್ನ ಹಿಂದೆ ನಮ್ಮ ಮಣ್ಣಿನ ಬೆಳೆ ನುಡಿಯುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನು ಜವಾರಿ. ನಮ್ಮ ಕಡೆ ಜವಾರಿ ಎಂದರೆ ಜವಾರಿ ಕೋಳಿ, ಜವಾರಿ ಬೆಳ್ಳುಳ್ಳಿ. ಸಂಗೀತಗಾರರ ಜವಾರಿಯೇ ಬೇರೆ. ತಂಬೂರಿಯ ನಾಲ್ಕು ತಂತಿಗಳು ಒಂದು ಅಗಲವಾದ ಕುದುರೆಯ ಮೇಲೆ ಹಾದು ಹೋಗುತ್ತವೆ. ಮರಾಠಿಯವರು ಅದಕ್ಕೆ ಘೋಡಿ ಎನ್ನುತ್ತಾರೆ. ಗಿಟಾರಿನಲ್ಲಿ ತಂತಿ ಬ್ರಿಜ್ಜಿನ ಒಂದು ಚೂಪಾದ ಅಂಚಿನಲ್ಲಿ ಕೂರುತ್ತದೆ, ಅಲ್ಲಿ ತಂತಿ ಝರ್ ಎಂದರೆ ಅದು ದೋಷ. ತಂಬೂರಿಯಲ್ಲಿ ಕುದುರೆಯ ಮೇಲ್ಮೈ ನೋಡಲು ಚಪ್ಪಟೆ, ಆದರೆ ಕಂಡೂ ಕಾಣದಷ್ಟು ಇಳಿಜಾರು. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತಾ ಬಿಡುತ್ತಾ ನಡುಗುತ್ತದೆ. ತಂತಿಯ ಅಡಿಯಲ್ಲಿ ಜೀವಾಳಿ ಎಂಬ ಸಣ್ಣ ನೂಲೆಳೆ ಇಟ್ಟು ಹಿಂದೆ ಮುಂದೆ ಸರಿಸಿದರೆ ಒಂದು ಜಾಗದಲ್ಲಿ ನಾದ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ತಂತಿಯ ಈ ವಿಚಿತ್ರ ವರ್ತನೆಗೆ ಸರ್ ಸಿ.ವಿ. ರಾಮನ್ 1921ರಲ್ಲಿ ವಿಜ್ಞಾನದ ಲೇಖನವನ್ನೇ ಬರೆದರು. ತಂತಿಗಳ ಕುರಿತ ಯುರೋಪಿನ ನಿಯಮ ತಂಬೂರಿ, ವೀಣೆಗಳಿಗೆ ಅನ್ವಯಿಸುವುದಿಲ್ಲ ಎಂದು ಅವರು ತೋರಿಸಿಕೊಟ್ಟರು.

ತಂತಿ ಉಜ್ಜಿ ಉಜ್ಜಿ ಕುದುರೆಯಲ್ಲಿ ಗೀರು ಬಿದ್ದರೆ ನಾದ ಮಂಕಾಗುತ್ತದೆ. ಆಗ ಕುದುರೆಯನ್ನು ಅರದಿಂದ ಉಜ್ಜಿ ಮತ್ತೆ ಇಳಿಜಾರು ಕೊಡಬೇಕು. ಇದೇ ಜವಾರಿ ತೆಗೆಯುವುದು. ನಾಲ್ಕು ಸಲ ಅರ ಆಡಿಸು, ತಂತಿ ಏರಿಸು, ಕೇಳು, ಇಳಿಸು, ಮತ್ತೆ ಆಡಿಸು. ಒಂದು ಸಲ ಹೆಚ್ಚು ಉಜ್ಜಿದರೆ ಹೋದದ್ದು ಮರಳಿ ಬರದು. ಹೆಚ್ಚಿನ ಗಾಯಕರು ಇದನ್ನು ಕಾರೀಗರರಿಗೆ ಬಿಡುತ್ತಾರೆ. ಖಾನ್‌ಸಾಹೇಬರು ಬಿಡಲಿಲ್ಲ. ಕೆಟ್ಟ ವಾದ್ಯ ಕಂಡರೆ ತಾವೇ ಬಿಚ್ಚಿ ಸರಿಮಾಡುತ್ತಿದ್ದರು, ಆ ಕೆಲಸದಲ್ಲಿ ಅವರು ನುರಿತ ಕಾರೀಗರರೇ ಆಗಿದ್ದರು.

ಇದು ಬರೀ ಹವ್ಯಾಸವಾಗಿರಲಿಲ್ಲ. ಅವರದು ಗುಡುಗುವ ಕಂಠವಲ್ಲ, ತೆಳುವಾದ, ಮೇಲ್ಸ್ಥಾಯಿಯ, ಕರುಣೆ ತುಂಬಿದ ಕಂಠ. ಒಂದೊಂದು ಸ್ವರವನ್ನು ನಿಧಾನವಾಗಿ ಹಿಡಿದು ನಿಲ್ಲಿಸುವುದೇ ಅವರ ಗಾಯನದ ಜೀವಾಳ. ತಂಬೂರಿ ಬೇಸುರಾದರೆ ಅಂಥ ಗಾಯನಕ್ಕೆ ಮುಚ್ಚಿಕೊಳ್ಳಲು ಮರೆಯೇ ಇಲ್ಲ. ಚೆನ್ನಾಗಿ ಜವಾರಿ ತೆಗೆದ ತಂಬೂರಿಯಲ್ಲಿ ಯಾರೂ ಮಿಡಿಯದ ಗಂಧಾರ ತಾನಾಗಿ ಕೇಳಿಸುತ್ತದೆ, ಸ್ವಯಂಭೂ ಗಂಧಾರ ಎನ್ನುತ್ತಾರೆ. ಸಾಮಾನ್ಯ ಹಾರ್ಮೋನಿಯಂ ಪೆಟ್ಟಿಗೆಯ ಗಂಧಾರ ಇದಕ್ಕಿಂತ ತುಸು ಏರು, ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ಸುಮಾರು 7ನೇ ಒಂದು ಪಾಲು ಮಾತ್ರ. ಸಂತೆಯಲ್ಲಿ ಯಾರಿಗೂ ತಿಳಿಯದು. ಖಾನ್‌ಸಾಹೇಬರ ಕಿವಿಗೆ ಅದು ಮುಳ್ಳು.

ಪೆಟ್ಟಿಗೆಯ ಪ್ರಯೋಗ

ಹೀಗಾಗಿಯೇ ಅವರು ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಅವರ ಜೊತೆ ಸೇರಿದರು. 22 ಶ್ರುತಿಗಳನ್ನು ಅಳೆದು ಲೆಕ್ಕ ಹಾಕುವ ಹಂಬಲ ಆ ಇಬ್ಬರದು. ದೇವಲರ ಪುಸ್ತಕ 1910ರಲ್ಲಿ, ಕ್ಲೆಮೆಂಟ್ಸರದು 1913ರಲ್ಲಿ ಹೊರಬಂತು. ಅಳತೆಗೆ ಆಧಾರವಾಗಿದ್ದು ಖಾನ್‌ಸಾಹೇಬರ ಕಂಠ. 22 ಶ್ರುತಿ ನುಡಿಯುವ ಹೊಸ ಹಾರ್ಮೋನಿಯಂ ತಯಾರಾಗಿ, 1916ರಲ್ಲಿ ಬಡೋದೆಯಲ್ಲಿ ನಡೆದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತಿನ ಮುಂದೆ ಬಂತು. ಯೌವನದಲ್ಲಿ ತಾರಾಬಾಯಿಯವರೊಡನೆ ಬಿಟ್ಟು ಬಂದ ಅದೇ ಊರು! ಪರಿಷತ್ತು ಪೆಟ್ಟಿಗೆಯನ್ನು ಒಪ್ಪಲಿಲ್ಲ. ಪಂಡಿತ ಭಾತಖಂಡೆಯವರೂ ವಿರುದ್ಧವಾಗಿದ್ದರು. ಉಸ್ತಾದರೊಬ್ಬರು ಮನೆತನದ ಗುಟ್ಟು ಬಿಟ್ಟುಕೊಡದ ಆ ಕಾಲದಲ್ಲಿ, ತಮ್ಮ ಕಂಠವನ್ನೇ ಅಳತೆಗೆ ಒಡ್ಡಿದ್ದು ಸಣ್ಣ ಧೈರ್ಯವಲ್ಲ. ಪೆಟ್ಟಿಗೆ ಸೋತರೂ ಆ ಧೈರ್ಯಕ್ಕೆ ಮಾರ್ಕು ಕೊಡಲೇಬೇಕು.

ಈ ನಡುವೆ 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದಿದ್ದರು. ಬಡ ಮಕ್ಕಳಿಗೂ ಪಾಠ ಸಿಗುತ್ತಿತ್ತು. ಟಿಪ್ಪು ಮಿಯಾ ಎಂಬ ನಾಯಿಗೂ ಸ್ವರ ಕಲಿಸಿ ಜನರ ಮುಂದೆ ಹಾಡಿಸಿದ್ದರಂತೆ, ಅದು ಆಗ ದೊಡ್ಡ ಸುದ್ದಿ. ಆದರೆ ಮನೆಯ ಶ್ರುತಿ ಕೂಡಲಿಲ್ಲ. ತಾರಾಬಾಯಿ ಐವರು ಮಕ್ಕಳನ್ನು ಕರೆದುಕೊಂಡು ಹೊರಟುಹೋದರು, ಮಕ್ಕಳ ಹೆಸರುಗಳೂ ಬದಲಾದವು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಸರಸ್ವತಿ ರಾಣೆ ಎಂದು ಲೋಕ ಕೊಂಡಾಡಿದ್ದು ಇವರ ಮಕ್ಕಳನ್ನೇ. ಎಲ್ಲರೂ ಹಾಡಿದರು, ತಂದೆಯ ಹೆಸರು ಮಾತ್ರ ಯಾರ ಹೆಸರಿನ ಮುಂದೂ ಉಳಿಯಲಿಲ್ಲ.

ಮಿರಜ ಜಂಕ್ಷನ್ನಿನಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ರೈಲು ಇತ್ತು. ಮೈಸೂರು ಅರಮನೆಯ ಕರೆಯ ಮೇಲೆ ಹೋಗಿ ಬರುವಾಗ ಖಾನ್‌ಸಾಹೇಬರು ಧಾರವಾಡದಲ್ಲಿ ಇಳಿಯುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲು ಖಾನ್‌ಸಾಹೇಬರು ಅವರ ಮನೆಗೆ ಹೋಗುತ್ತಿದ್ದರು. ತ್ಯಾಗರಾಜರ ಕೃತಿಯನ್ನು ಕಲಿತು ಹಾಡಿ ಗ್ರಾಮಫೋನ್ ತಟ್ಟೆಯಲ್ಲೂ ಮುದ್ರಿಸಿದರು. ಇಂದು ಧಾರವಾಡ ಸೀಮೆಯ ಸಂಗೀತ ಎಂದು ಹೆಮ್ಮೆ ಪಡುವುದರಲ್ಲಿ ಬಹುಪಾಲು ಈ ರೈಲಿನಲ್ಲಿ ಬಂದದ್ದೇ.

ತಟ್ಟೆಗಳದೂ ಒಂದು ಕತೆ. 1905ರ ಸುಮಾರಿಗೆ ಹಾಡಿದ್ದು ದೊಡ್ಡ ಭೋಂಗಾದೊಳಗೆ ಕೂಗಿ. 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಹಾಡುವ ಹೊತ್ತಿಗೆ ಮೈಕ್ ಬಂದಿತ್ತು. ಅದೇ ತೆಳು ಕಂಠ ಮೈಕಿನ ಮುಂದೆ ಅರಳಿತು. ಝಿಂಝೋಟಿ ರಾಗದ ಠುಮರಿ, ಭೈರವಿಯ ಜಮುನಾ ಕೆ ತೀರ್ ಮನೆಮಾತಾದವು. ಗದಗಿನಲ್ಲಿ ಇವರ ತಟ್ಟೆ ಕೇಳಿದ ಬಾಲಕ ಭೀಮಸೇನ ಜೋಶಿ ಗುರುವನ್ನು ಹುಡುಕಿ ಮನೆಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತು.

1937ರ ಅಕ್ಟೋಬರ್ 27. ಮದರಾಸಿನ ಕಚೇರಿ ಮುಗಿಸಿ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ರೈಲಿನಲ್ಲಿ ಹೊರಟಿದ್ದರು. ಎದೆಯಲ್ಲಿ ಸಂಕಟವಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನಲ್ಲಿ ಹಾಸಿಗೆ ಬಿಡಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತ ಪ್ರಾಣ ಬಿಟ್ಟರು. ವಯಸ್ಸು 65 ತುಂಬಲು ಎರಡು ವಾರ ಬಾಕಿ ಇತ್ತು.

ದೇಹವನ್ನು ಮಿರಜಕ್ಕೆ ತಂದು ಅದೇ ಖ್ವಾಜಾ ಶಮನಾ ಮೀರಾ ದರ್ಗಾದ ಆವರಣದಲ್ಲಿ ಮಣ್ಣು ಮಾಡಲಾಯಿತು. ಉರುಸಿನಲ್ಲಿ ಅವರ ನೆನಪಿಗಾಗಿ ಸಂಗೀತ ಸಭೆ ನಡೆಯುತ್ತ ಬಂದಿದೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಫರೀದ್‌ಸಾಹೇಬರ ವಂಶದವರು ಅಲ್ಲಿ ಇನ್ನೂ ಅರ ಹಿಡಿದು ಕೂರುತ್ತಾರೆ. ಭಜನಾ ಮಂಡಳಿಯ ಹಳೆಯ ತಂಬೂರಿ ಮಂಕಾಗಿದ್ದರೆ ಮಂಗಳವೇಢೆ, ಸಾಂಗೋಲೆ ದಾರಿಯಲ್ಲಿ ಅಲ್ಲಿಗೆ ಹೋಗಿ ಜವಾರಿ ತೆಗೆಸಿಕೊಂಡು ಬರಬಹುದು.